ಮಳೇಲಿ ಮಡಿಕೇರಿಗೆ ಒಬ್ನೇ ಹೋಗಿದ್ದೆ, ಉಳ್ಕೊಂಡ ಹೋಂಸ್ಟೇ ಬಗ್ಗೆ ನನ್ ರಿವ್ಯೂ

ಮಡಿಕೇರಿ ಬಸ್‌ಸ್ಟ್ಯಾಂಡಲ್ಲಿ ಇಳಿದಾಗ ಬೆಳಿಗ್ಗೆ ಐದೂವರೆ, ಆಗಸ್ಟ್ 3, ಛತ್ರಿ ಬಿಚ್ಚಿದ್ರೂ ಒಂದೇ ಮಡಚಿದ್ರೂ ಒಂದೇ ಅನ್ನೋ ಥರದ ಮಳೆ. ರೂಮ್ ಬುಕ್ ಮಾಡಿರ್ಲಿಲ್ಲ, ಏನ್ ನೋಡ್ಬೇಕು ಅಂತಾನೂ ಇರ್ಲಿಲ್ಲ, ಹಿಂದಿನ ರಾತ್ರಿ ಆಫೀಸ್ ಮುಗಿಸ್ಕೊಂಡು ಸುಮ್ನೆ ಬೆಂಗಳೂರಿನ ಸ್ಯಾಟಲೈಟ್ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ, ಮಡಿಕೇರಿ ಬಸ್ಸಲ್ಲಿ ಕಿಟಕಿ ಸೀಟ್ ಖಾಲಿ ಕಾಣಿಸ್ತು, ಹತ್ತಿಬಿಟ್ಟೆ. ಕೊಡಗಿಗೆ ರೈಲಂತೂ ಇಲ್ಲ, ಬಸ್ಸೇ ಗತಿ.

ಮೊದಲನೇ ಲಾಡ್ಜಲ್ಲಿ ಕೌಂಟರ್ ಹಿಂದೆ ಮಲಗಿದ್ದೋನು ಎದ್ದು "ಎಷ್ಟ್ ಜನ ಸರ್" ಅಂದ. ಒಬ್ನೇ ಅಂದೆ. "ಒಬ್ರೇನಾ?" ಅಂತ ನನ್ ಬೆನ್ನ ಹಿಂದೆ ಇಣುಕಿ ನೋಡ್ದ, ಯಾರನ್ನೋ ಬಚ್ಚಿಟ್ಕೊಂಡು ಬಂದಿದೀನೇನೋ ಅನ್ನೋ ಹಾಗೆ. ಸಿಂಗಲ್‌ಗೆ ಕೊಡಲ್ವಂತೆ. ಎರಡನೇ ಕಡೆ ಕೊಡ್ತೀವಿ ಆದ್ರೆ ಡಬಲ್ ರೂಮಿನ ಪೂರ್ತಿ ರೇಟು ಅಂದ್ರು. ಮೂರು ದಿನದಲ್ಲಿ ನಂಗೆ ಗೊತ್ತಾಗಿದ್ದು ಏನಂದ್ರೆ ಈ ಊರಲ್ಲಿ ಟೂರಿಸ್ಟ್ ಅಂದ್ರೆ ಜೋಡಿ ಇಲ್ಲಾ ಫ್ಯಾಮಿಲಿ, ರೂಮು ಅವರ ಲೆಕ್ಕಕ್ಕೆ, ಮಾಂದಲಪಟ್ಟಿ ಅನ್ನೋ ಬೆಟ್ಟಕ್ಕೆ ಹೋಗೋ ಜೀಪು ಗಾಡಿ ಲೆಕ್ಕಕ್ಕೆ, ಒಬ್ನೇ ಹೋದ್ರೂ ಐದಾರು ಜನದ ದುಡ್ಡು. ಜೀಪ್ ಡ್ರೈವರ್ ಒಬ್ಬ ಒಳ್ಳೆಯವನು ಸಿಕ್ಕಿದ, "ಈಗ ಬರ್ಬೇಡಿ ಸರ್, ಮೇಲ್ ಹೋದ್ರೆ ಬರೀ ಬಿಳಿ, ನಿಮ್ ಕಾಲೇ ನಿಮಗ್ ಕಾಣಲ್ಲ" ಅಂದ. ಉಳೀತು.

ಹೋಂಸ್ಟೇ ಸಿಕ್ಕಿದ್ದು ಟೀ ಅಂಗಡಿಯಿಂದ. ನನ್ ಅವಸ್ಥೆ ನೋಡಿ ಅಂಗಡಿಯವರು ಯಾರಿಗೋ ಫೋನ್ ಹಚ್ಚಿದ್ರು, "ಒಬ್ನೇ ಇದಾನೆ, ಬೆಂಗ್ಳೂರು ಹುಡ್ಗ, ಪಾಪ ಪೂರ್ತಿ ನೆಂದಿದಾನೆ" ಅನ್ನೋದು ಕೇಳಿಸ್ತು. ಟೌನಿಂದ ಆರೇಳು ಕಿಲೋಮೀಟರ್, ಕಾಫಿ ತೋಟದ ಒಳಗೆ ಹಳೇ ಹಂಚಿನ ಮನೆ, ಆಂಟಿ ಅಂಕಲ್ ಇಬ್ರೇ, ಬಾಡಿಗೆಗೆ ಇರೋದು ಎರಡು ರೂಮು. ಹೆಸರು ಬರೀಬೇಡಿ, ಆಮೇಲೆ ಜನ ಜಾಸ್ತಿ ಆಗ್ತಾರೆ ಅಂತ ಆಂಟಿ ಹೇಳಿದಾರೆ, ಅದಕ್ಕೆ ಬರೀತಿಲ್ಲ. ಮುಖ್ಯ ವಿಷ್ಯ, ಇಲ್ಲಿ ತಲೆ ಲೆಕ್ಕ. ಮೂರು ಹೊತ್ತು ಊಟ ತಿಂಡಿ ಸೇರಿ ನನ್ನ ಹತ್ರ ದಿನಕ್ಕೆ 1,600 ತಗೊಂಡ್ರು, ಇನ್ನೊಂದು ತಲೆ ಯಾಕಿಲ್ಲ ಅಂತ ಕೇಳ್ಲಿಲ್ಲ.

ಇನ್ನು ಪ್ಲ್ಯಾನ್ ಇಲ್ದೇ ಹೋಗಿದ್ದಕ್ಕೆ ಸಿಕ್ಕಿದ ಲಾಟರಿ. ಆಗಸ್ಟ್ 3 ಅಂದ್ರೆ ಕೊಡಗಲ್ಲಿ ಕಕ್ಕಡ ಹದಿನೆಂಟು, ಅಂದ್ರೆ ಅಲ್ಲಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಟಿ ಹದಿನೆಂಟು ಅಂತಾನೂ ಅಂತಾರೆ. ತೋಟದ ಬದಿಗಳಲ್ಲಿ ಮದ್ದು ಸೊಪ್ಪು ಅಂತ ಒಂದು ಗಿಡ ಬೆಳೆಯುತ್ತೆ, ಆವತ್ತಿನ ದಿನ ಅದರಲ್ಲಿ ಹದಿನೆಂಟು ಥರದ ಔಷಧಿ ಸೇರಿರುತ್ತೆ ಅನ್ನೋದು ಅಲ್ಲಿನವರ ನಂಬಿಕೆ. ಅಂಕಲ್ ಒಂದು ಹೊರೆ ಕಿತ್ಕೊಂಡ್ ಬಂದಿದ್ರು, ನೋಡೋಕೆ ಸಾದಾ ಹಸಿರು, ಏನೂ ವಿಶೇಷ ಇಲ್ಲ. ಆದ್ರೆ ದೊಡ್ಡ ಪಾತ್ರೇಲಿ ಎಲೆ ದಂಟು ಎಲ್ಲಾ ಹಾಕಿ ಕುದಿಸೋಕೆ ಶುರು ಮಾಡಿದ್ಮೇಲೆ ನೀರು ನಿಧಾನಕ್ಕೆ ಬಣ್ಣ ತಿರುಗ್ತಾ ತಿರುಗ್ತಾ ನೇರಳೆ ಹಣ್ಣು ಹಿಂಡಿದ ಹಾಗಾಯ್ತು, ಅಡುಗೆಮನೆ ತುಂಬಾ ಒಂಥರಾ ಸಿಹಿ ಘಮ. ಆ ನೀರು ಸೋಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ. ಬಿಸಿಬಿಸಿ ಇರೋವಾಗ ಮೇಲೆ ಒಂದು ಚಮಚ ತುಪ್ಪ ಹಾಕಿಕೊಟ್ರು. ಮೂರು ಬಟ್ಟಲು ಹೊಡ್ದೆ.

ಮಾರನೇ ದಿನ ಬೆಳಿಗ್ಗೆ ಬಾತ್‌ರೂಮಲ್ಲಿ ನೋಡಿದ್ರೆ ಮೂತ್ರ ಕೆಂಪು! ಎದೆ ಧಸಕ್ ಅಂತು. ಒಬ್ನೇ ಇದೀನಿ, ಮಳೆ, ಕರೆಂಟಿಲ್ಲ, ಮೊಬೈಲಲ್ಲಿ ನೆಟ್‌ವರ್ಕ್ ಇಲ್ಲ, ಕಿಡ್ನಿ ಹೋಯ್ತು ಅಂತಾನೇ ಅಂದ್ಕೊಂಡು ಹತ್ತು ನಿಮಿಷ ಬಾಗಿಲು ಹಾಕ್ಕೊಂಡು ಕೂತಿದ್ದೆ. ಆಂಟಿ ಹತ್ರ ಹೇಳೋಕೆ ನಾಚಿಕೆ, ಕೊನೆಗೆ ಅಂಕಲ್ ಹತ್ರ ಹೋಗಿ ಮೆಲ್ಲಗೆ ಹೇಳಿದ್ರೆ ಅವರು ಒಳಗಡೆ ತಿರುಗಿ "ಏ, ಇವ್ರಿಗೆ ಮದ್ದು ಚೆನ್ನಾಗಿ ಹಿಡಿದಿದೆ" ಅಂತ ಕೂಗಿ ಹೇಳಿದ್ರು. ಸೊಪ್ಪಿನ ಬಣ್ಣ ಅಷ್ಟೇ, ಎಲ್ರಿಗೂ ಹಾಗೇ ಆಗುತ್ತಂತೆ. ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ ಸ್ವಾಮಿ.

ಊಟದ ಬಗ್ಗೆ ದೂರೇ ಇಲ್ಲ. ಕಡಂಬಿಟ್ಟು ಅಂದ್ರೆ ಅಕ್ಕಿ ತರಿಯ ಉಂಡೆ, ಜೊತೆಗೆ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು, ಕಾಚಂಪುಳಿ ಅನ್ನೋ ಕಪ್ಪು ಹುಳಿರಸ ಹಾಕಿರೋ ಆ ಕಪ್ಪು ಮಸಾಲೆಯ ಹುಳಿ ಬೆಂಗಳೂರಲ್ಲಿ ಕೊಡಗು ಸ್ಟೈಲ್ ಅಂತ ಕೊಡೋದರಲ್ಲಿ ನಾನಂತೂ ಕಂಡಿಲ್ಲ. ಪಂದಿ ತಿನ್ನದವರಿಗೆ ಕಣಿಲೆ ಸಾರು ಇತ್ತು, ಎಳೇ ಬಿದಿರನ್ನ ಹೆಚ್ಚಿ, ನೀರು ಬದಲಾಯಿಸ್ತಾ ಎರಡು ದಿನ ನೆನೆಹಾಕಿ ಮಾಡೋದು, ಅಕ್ಕಿ ಒಟ್ಟಿ ಜೊತೆ ಸೂಪರ್. ಕಾಫಿ ಮಾತ್ರ ಅಷ್ಟಕ್ಕಷ್ಟೇ, ತೋಟದ ಮಧ್ಯೆ ಕೂತು ಇಂಥಾ ನೀರು ಕಾಫಿನಾ ಅನ್ನಿಸ್ತು, ಬಾಯ್ಬಿಟ್ಟು ಹೇಳ್ಲಿಲ್ಲ.

ದೂರು ಇರೋದು ಕಂಬಳಿ ಬಗ್ಗೆ. ತೇವ, ಮುಗ್ಗಲು ವಾಸನೆ. ಮಳೆಗಾಲದಲ್ಲಿ ಏನೂ ಒಣಗಲ್ಲ ನಿಜ, ನನ್ನ ಜೀನ್ಸ್ ಮೂರು ದಿನ ಒಲೆ ಮೇಲಿನ ಹಗ್ಗದಲ್ಲಿ ನೇತಾಡಿ ಹೊಗೆ ವಾಸನೆ ಹತ್ತಿಸ್ಕೊಂಡಿತೇ ಹೊರತು ಒಣಗ್ಲಿಲ್ಲ, ಆದ್ರೂ ದುಡ್ಡು ಕೊಟ್ಟು ಉಳಿಯೋರಿಗೆ ಕಂಬಳೀನಾದ್ರೂ ಬಿಸಿ ಮಾಡಿ ಕೊಡ್ಬೇಕಿತ್ತು. ಇನ್ನೊಂದು, ಗಾಡಿ ಇಲ್ದೇ ಹೋದ್ರೆ ಕಷ್ಟ. ಟೌನಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು, ತಪ್ಪಿದ್ರೆ ಆಟೋದವರು ಕೇಳಿದ್ದೇ ರೇಟು. ಜಿಗಣೆ ಬಗ್ಗೆ ಹೇಳಲ್ಲ, ಅದು ಮನೆಯವರ ತಪ್ಪಲ್ಲ, ಉಪ್ಪು ಕಟ್ಟಿದ ಬಟ್ಟೆ ಅವರೇ ಕೊಡ್ತಾರೆ.

ಟೌನಲ್ಲಿ ನೋಡಿದ್ದು ಕಮ್ಮಿ. ರಾಜಾಸೀಟಲ್ಲಿ ಮಂಜು ಬಿಟ್ರೆ ಏನೂ ಕಾಣ್ಲಿಲ್ಲ, ಅಬ್ಬಿ ಫಾಲ್ಸ್ ಮುಂದೆ ನಿಂತ್ರೆ ಫೋಟೋ ಬದ್ಲು ಸ್ನಾನ ಆಯ್ತು. ಇಷ್ಟ ಆಗಿದ್ದು ಓಂಕಾರೇಶ್ವರ ದೇವಸ್ಥಾನ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ಮೇಲ್ಗಡೆ ದೂರದಿಂದ ಮಸೀದಿ ಥರ ಕಾಣೋ ಗುಮ್ಮಟ, ಮುಂದೆ ಕೊಳ, ಕೊಳದ ಮಧ್ಯೆ ಪುಟ್ಟ ಮಂಟಪ. ಮಳೆ ಹನಿ ಕೊಳಕ್ಕೆ ಬೀಳೋದು ನೋಡ್ತಾ ಮುಕ್ಕಾಲು ಗಂಟೆ ಕೂತಿದ್ದೆ, ಜೊತೇಲಿ ಯಾರಾದ್ರೂ ಇದ್ದಿದ್ರೆ ಐದು ನಿಮಿಷಕ್ಕೆ ಎಬ್ಬಿಸಿರೋರು.

ಕೊನೇ ರಾತ್ರಿ ಮಳೆ ಜೋರಾದಾಗ ಆಂಟಿ ಅಂಕಲ್ ಇಬ್ರೂ ಮಲಗ್ಲಿಲ್ಲ, ಜಗಲೀಲಿ ಟಾರ್ಚ್ ಇಟ್ಕೊಂಡು ಕೂತಿದ್ರು. 2018ರ ಆಗಸ್ಟಲ್ಲಿ ಗುಡ್ಡ ಕುಸಿದ ಮೇಲೆ ಹೀಗೇನಂತೆ. ನಾವು ಮಳೆ ನೋಡೋಕೆ ಅಂತ ಹೋಗ್ತೀವಿ, ಅವರು ಮಳೆ ಕಾಯ್ತಾ ಕೂತಿರ್ತಾರೆ. ನಾನೂ ಹೋಗಿ ಪಕ್ಕದಲ್ಲಿ ಕೂತೆ, ಆಂಟಿ ಮತ್ತೆ ಆ ನೀರು ಕಾಫಿ ಕೊಟ್ರು, ಆವತ್ತು ಮಾತ್ರ ಚೆನ್ನಾಗಿತ್ತು.

ಐದಕ್ಕೆ ನಾಲ್ಕು ಸ್ಟಾರ್, ಕಟ್ ಮಾಡಿದ್ದು ಕಂಬಳಿಗೆ. ಹೋಗೋರು ಕ್ಯಾಶ್ ಇಟ್ಕೊಂಡು ಹೋಗಿ, ಫೋನ್‌ಪೇ ಮಾಡೋಕೆ ನಾನು ಕೊನೇ ದಿನ ಗೇಟ್ ದಾಟಿ ಅರ್ಧ ಕಿಲೋಮೀಟರ್ ಹತ್ತಿ ಸಿಗ್ನಲ್ ಹುಡುಕ್ಬೇಕಾಯ್ತು, ಅಂಕಲ್ ಛತ್ರಿ ಹಿಡ್ಕೊಂಡು ಹಿಂದೇನೇ ಬಂದ್ರು.