ಟ್ಯೂಬ್ ಹೆಡ್‌ಫೋನ್ ಆಂಪ್ಲಿಫೈಯರ್ ಕಿಟ್: ಓಟಿಎಲ್ಲೋ, ಹೈಬ್ರಿಡ್ಡೋ?

ಧಾರವಾಡದ ಮಳೆಗಾಲದ ಸಂಜೆ, ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗು, ಮೇಜಿನ ಮೇಲೆ ಮಂದವಾಗಿ ಉರಿಯುವ ಟ್ಯೂಬು, ಅಂದರೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವು. ಆಸೆ ಆಗುತ್ತದೆ, ಅಲ್ವಾ? ನಾವೇ ಬೆಸುಗೆ ಹಾಕಿ ಜೋಡಿಸುವ ಕಿಟ್ ತರಿಸುವ ಮೊದಲು ನಿಮ್ಮ ಹೆಡ್‌ಫೋನ್ ಎಷ್ಟು ಓಮ್‌ನದು (ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ) ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ಬಾಟಲ್‌ಹೆಡ್ ಕಂಪನಿಯ ‘ಕ್ರ್ಯಾಕ್’ ಎಂಬ ಕಿಟ್ ಓಟಿಎಲ್ ಜಾತಿಯದು. ಅಂದರೆ ಟ್ಯೂಬಿಗೂ ಹೆಡ್‌ಫೋನಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಇದ್ದರೆ ಒಳ್ಳೆಯ ಜೋಡಿ. 32 ಓಮ್‌ನದಕ್ಕೆ ಬೇಡ, ಜೋರು ಮಾಡಿದರೆ ದನಿ ಒಡೆಯುತ್ತದೆ. ಇದರಲ್ಲಿ ಸರ್ಕ್ಯೂಟ್ ಬೋರ್ಡ್ ಬದಲು ವೈರಿನಿಂದ ವೈರಿಗೆ ಬೆಸುಗೆ ಹಾಕಬೇಕು. ನಿಧಾನದ ಕೆಲಸ, ಆದರೆ ಕಲಿಯುವುದು ಜಾಸ್ತಿ. ಆಮೇಲೆ 6080 ಟ್ಯೂಬ್ ತೆಗೆದು 6ಎಎಸ್7ಜಿ ಟ್ಯೂಬ್ ಹಾಕಿ ಕೇಳಬಹುದು. ಅಮೆರಿಕದ ಕಿಟ್ ಇದು, ಆದ್ದರಿಂದ ಪವರ್ ಟ್ರಾನ್ಸ್‌ಫಾರ್ಮರನ್ನು ನಮ್ಮ 230 ವೋಲ್ಟ್‌ಗೆ ಹೊಂದಿಸಿದ್ದೀರಾ ಎಂದು ಎರಡು ಸಲ ನೋಡಿ. ಒಳಗೆ 100 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟ ಕೆಪಾಸಿಟರ್ ಶಾಕ್ ಹೊಡೆಯಬಹುದು. ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆ ಎಂದು ನೋಡದೆ ಕೈ ಹಾಕಬೇಡಿ.

ಹೈಬ್ರಿಡ್ ಸರಳ. ಟ್ಯೂಬ್ ಸಿಗ್ನಲ್ ಹಿಗ್ಗಿಸುತ್ತದೆ, ಹೆಡ್‌ಫೋನ್‌ಗೆ ಬಲ ಕೊಡುವುದು ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಅಥವಾ ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್). ಹಲವು ಕಿಟ್‌ಗಳಿಗೆ 24 ವೋಲ್ಟ್ ಅಡಾಪ್ಟರ್ ಸಾಕು. 32 ಓಮ್‌ಗೂ ಸೈ. ಟ್ಯೂಬ್ ಬದಲಿಸುವಾಗ ಒಂದು ಎಚ್ಚರ: 12ಎಯು7, 6ಡಿಜೆ8 ಎರಡಕ್ಕೂ 9 ಪಿನ್, ಆದರೆ ಹೀಟರ್ (ಟ್ಯೂಬನ್ನು ಬಿಸಿ ಮಾಡುವ ತಂತಿ) ವೈರಿಂಗ್ ಬೇರೆ. ಸುಮ್ನೆ ಚುಚ್ಚಬೇಡಿ.

ಬೆಸುಗೆ ಹೊಸದಾದರೆ ನನ್ನ ಓಟು ಹೈಬ್ರಿಡ್‌ಗೆ. ಕೈ ಪಳಗಿದ್ದು, 300 ಓಮ್ ಹೆಡ್‌ಫೋನ್ ಇದ್ದರೆ ಕ್ರ್ಯಾಕೇ ಸರಿ.