ಕೊಲೊನೋಸ್ಕೋಪಿಗೆ ಹೋಗೋ ವೀಗನ್‌ಗಳೇ, ಆಸ್ಪತ್ರೆಯವರು ಕೊಡೋ ಡಯಟ್ ಚಾರ್ಟನ್ನ ಕಣ್ಣುಮುಚ್ಚಿ ನಂಬಬೇಡಿ

ನಿನ್ನೆ ನನ್ನ ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡೋ ಪರೀಕ್ಷೆ) ಅರ್ಧಕ್ಕೇ ನಿಂತುಹೋಯಿತು. ಕರುಳು ಶುದ್ಧವಾಗಿರಲಿಲ್ಲ. 2 ಲೀಟರ್ ಭೇದಿ ಪುಡಿಯ ನೀರು ಕುಡಿದು, ರಾತ್ರಿಯಿಡೀ ಬಾತ್‌ರೂಮಿಗೂ ಮಂಚಕ್ಕೂ ಓಡಾಡಿ, ಬೆಳಿಗ್ಗೆ ಕೈಕಾಲು ನಡುಗ್ತಾ ಹೋಗಿ ಮಲಗಿದ್ದಕ್ಕೆ ಸಿಕ್ಕಿದ್ದು ಒಂದೇ ಮಾತು: "ಏನೂ ಸರಿಯಾಗಿ ಕಾಣಲಿಲ್ಲ, ಮತ್ತೆ ಮಾಡಬೇಕು." ರಿಪೋರ್ಟಿನಲ್ಲಿ ಬಾಸ್ಟನ್ ಸ್ಕೋರ್, ಅಂದ್ರೆ ಕರುಳು ಎಷ್ಟು ಶುದ್ಧವಾಗಿದೆ ಅನ್ನೋದಕ್ಕೆ ಕೊಡೋ ಅಂಕ, 9ಕ್ಕೆ 3.

ನಮ್ಮಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಅದಕ್ಕೇ ಈ ಪರೀಕ್ಷೆ. ನಾನು ಆರು ವರ್ಷದಿಂದ ವೀಗನ್. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಮೂರು ದಿನಕ್ಕೂ ಬರೆದಿದ್ದದ್ದು ಮೊಸರನ್ನ, ಮಜ್ಜಿಗೆ, ಮೊಟ್ಟೆ, ಚಿಕನ್ ಸೂಪ್. ಕೌಂಟರಿನಲ್ಲಿ ಕೇಳಿದೆ. "ವೆಜ್ ಅಲ್ವಾ ಸರ್? ಮೊಸರು ವೆಜ್ಜೇ ತಾನೇ?" ಅಂದ್ರು. ಬಿಡಿಸಿ ಹೇಳಿದೆ. "ಓ ಹಾಗಾ, ನಮ್ಮ ಡಯಟೀಷಿಯನ್ ವೀಗನ್ ಪ್ಲಾನ್ ಬೇರೆ ಮಾಡಿಕೊಡ್ತಾರೆ, ₹1,200 ಆಗುತ್ತೆ." ಕೊಟ್ಟೆ. ಖುಷಿಯಿಂದಲೇ ಕೊಟ್ಟೆ. ಕೊನೆಗೂ ನನ್ನ ಮಾತು ಅರ್ಥ ಮಾಡಿಕೊಂಡವರು ಸಿಕ್ಕರಲ್ಲ ಅಂತ ಸಮಾಧಾನ ಆಯ್ತು. ಆ ಸಮಾಧಾನ ನೆನೆಸಿಕೊಂಡರೆ ಈಗ ಮೈ ಉರಿಯುತ್ತೆ.

ವಾಟ್ಸಾಪಿಗೆ ಪ್ಲಾನ್ ಬಂತು. ಬೆಳಿಗ್ಗೆ ರಾಗಿ ಅಂಬಲಿ, ಅಗಸೆಬೀಜದ ಪುಡಿ. ಮಧ್ಯಾಹ್ನ ಕೆಂಪಕ್ಕಿ ಅನ್ನ, ಹೆಸರುಕಾಳು, ಸೊಪ್ಪಿನ ಪಲ್ಯ. ಸಂಜೆ ಸೀಬೆಹಣ್ಣು. ಮೂರು ದಿನ ಒಂದು ಚೂರೂ ತಪ್ಪದೆ ತಿಂದೆ. ಕೊಲೊನೋಸ್ಕೋಪಿ ಮಾಡಿಸಿಕೊಂಡವರಿಗೆ ಇದನ್ನ ಓದಿದ ಕೂಡಲೇ ಗೊತ್ತಾಗುತ್ತೆ, ಇದರಲ್ಲಿ ಇರೋದೆಲ್ಲ ಆ ಮೂರು ದಿನ ಮುಟ್ಟಲೇಬಾರದ್ದು. ನಾರು, ಬೀಜ, ಸಿಪ್ಪೆ, ಎಲ್ಲ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತೆ, ಕೊಳವೆಯ ಕ್ಯಾಮೆರಾಕ್ಕೆ ಏನೂ ಕಾಣಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಅಲ್ವಾ ದುಡ್ಡು ಕೊಟ್ಟು ಕೇಳಿದ್ದು?

ಮಂಪರು ಪೂರ್ತಿ ಇಳಿದಿರಲಿಲ್ಲ. ಡಾಕ್ಟರ್ ಬಂದು "ಏನು ತಿಂದ್ರಿ?" ಅಂದ್ರು. ನನ್ನ ಹೆಂಡತಿ ಫೋನಿನಲ್ಲಿ ಆ ಪ್ಲಾನ್ ತೆಗೆದು ತೋರಿಸಿದಳು. ಅವರು ಪುಟವನ್ನ ಮೇಲಕ್ಕೆ ಸರಿಸಿ, ತಲೆಬರಹದ ಹತ್ತಿರ ನಿಲ್ಲಿಸಿ, ಸುಮ್ಮನೆ ಅವಳ ಕಡೆ ತಿರುಗಿಸಿದರು. ಅಲ್ಲಿತ್ತು: "ತೂಕ ಇಳಿಕೆ, ಹೆಚ್ಚು ನಾರಿನಂಶ, ವೀಗನ್." ಯಾರಿಗೋ ತೂಕ ಇಳಿಸೋಕೆ ಮಾಡಿದ್ದ ಚಾರ್ಟು. ಅದನ್ನೇ ನನಗೆ ಕಳಿಸಿದ್ದಾರೆ. ಆ ಸಾಲನ್ನ ನಾನೂ ಓದಿರಲಿಲ್ಲ. ಬಿಸ್ಕತ್ತಿನ ಪ್ಯಾಕೆಟ್ಟಿನ ಹಿಂದೆ ಹಾಲಿನ ಪುಡಿ ಇದೆಯಾ ಅಂತ ಹುಡುಕೋ ಮನುಷ್ಯ ನಾನು, ಇದನ್ನ ಓದಿಲ್ಲ. ಆ ಹಸಿರು ಗೌನಿನಲ್ಲಿ ಮಲಗಿ ಅವಳ ಮುಖ ನೋಡೋಕಾಗಲಿಲ್ಲ.

ಡಯಟೀಷಿಯನ್ ಹತ್ತಿರ ಹೋದೆ. "ನೀವು ವೀಗನ್ ಅಂದ್ರಿ, ವೀಗನ್ ಪ್ಲಾನ್ ಕೊಟ್ಟೆ. ಕೊಲೊನೋಸ್ಕೋಪಿ ಅಂತ ಹೇಳಲಿಲ್ಲ ನೀವು." ಅವರ ಕೈಗೆ ಕೊಟ್ಟಿದ್ದ ಚೀಟಿಯ ಮೊದಲ ಸಾಲೇ ಕೊಲೊನೋಸ್ಕೋಪಿ! ಬಿಲ್ಲಿಂಗಿನಲ್ಲಿ: "ಡಯಟ್ ವಿಭಾಗ ಬೇರೆ, ಎಂಡೋಸ್ಕೋಪಿ ವಿಭಾಗ ಬೇರೆ ಸರ್. ಫಾರ್ಮಿಗೆ ಸೈನ್ ಹಾಕಿದ್ದೀರಲ್ಲ." ಪೂರ್ತಿ ದುಡ್ಡು ಕಟ್ಟಿಸಿಕೊಂಡರು. ಕೊನೆಗೆ ಮ್ಯಾನೇಜರ್ ಬಂದು ನಗ್ತಾ, "ಮೂರು ದಿನ ಮೊಸರನ್ನ ತಿಂದುಬಿಟ್ಟಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ ಅಲ್ವಾ ಸರ್?" ಅಂದ್ರು.

ತಪ್ಪು ಅವರದು, ಬುದ್ಧಿಮಾತು ನನಗೆ. ಮನೆಗೆ ಬಂದ ಮೇಲೆ ಅಣ್ಣನೂ ಫೋನ್ ಮಾಡಿ "ನಿನ್ನ ವ್ರತ ಇನ್ನೂ ಮುಗಿದಿಲ್ವೇನೋ" ಅಂದ. ವೀಗನ್ ಆಗಿದ್ದಕ್ಕೆ ಆಗಿದ್ದಲ್ಲ ಇದು! ಬಿಳಿ ಅನ್ನ, ತೋಫು, ಮೈದಾ ಬ್ರೆಡ್, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ ತಿಂದಿದ್ದರೆ ಸಾಕಿತ್ತು. ಹಿಂದಿನ ದಿನಕ್ಕೆ ಸೋಸಿದ ಬೇಳೆ ಕಟ್ಟು, ಎಳನೀರು, ಹಾಲಿಲ್ಲದ ಕಾಫಿ. ಇದರಲ್ಲಿ ಮೊಸರು ಎಲ್ಲಿ ಬೇಕು?

ಇಡೀ ಆಸ್ಪತ್ರೆಯಲ್ಲಿ ನೇರವಾಗಿ ಮಾತಾಡಿದವರು ಅರಿವಳಿಕೆ ಡಾಕ್ಟರ್ ಒಬ್ಬರೇ. ಮಂಪರು ಬರಿಸೋ ಪ್ರೊಪೊಫಾಲ್ ಇಂಜೆಕ್ಷನ್ನಿನಲ್ಲಿ ಮೊಟ್ಟೆಯಿಂದ ತೆಗೆದ ಲೆಸಿಥಿನ್ ಅನ್ನೋ ಕೊಬ್ಬಿನಂಶ ಇರುತ್ತೆ ಅಂತ ನಾನು ಕೇಳೋ ಮೊದಲೇ ಹೇಳಿದರು. ಪರವಾಗಿಲ್ಲ ಅಂದೆ. ಔಷಧಿ ವಿಷಯದಲ್ಲಿ ನಂದೇನೂ ಹಠ ಇಲ್ಲ, ಗೊತ್ತಿರಬೇಕು ಅಷ್ಟೇ.

ನೀವು ಹೋಗೋದಿದ್ದರೆ ಡಯಟ್ ಚಾರ್ಟನ್ನ ಪರೀಕ್ಷೆ ಮಾಡೋ ಡಾಕ್ಟರಿಗೇ ತೋರಿಸಿ, ಅವರ ಕೈಲೇ ಸಹಿ ಹಾಕಿಸಿಕೊಳ್ಳಿ. ಬಾದಾಮಿ ಹಾಲು, ಸೋಯಾ ಹಾಲನ್ನ ಹಿಂದಿನ ದಿನ ಕುಡಿಯಬಹುದಾದ ತಿಳಿ ದ್ರವ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐರನ್ ಮಾತ್ರೆ ತಗೋತಿದ್ದರೆ ಒಂದು ವಾರ ಮೊದಲೇ ಡಾಕ್ಟರಿಗೆ ಹೇಳಿ, ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತೆ. ಬಿಪಿ, ಶುಗರ್ ಕೇಳಿದ ನರ್ಸ್ ನನ್ನನ್ನ ಐರನ್ ಬಗ್ಗೆ ಕೇಳಲೇ ಇಲ್ಲ, ನಾನು ಹಿಂದಿನ ದಿನದವರೆಗೂ ನುಂಗಿದ್ದೆ.

ಬೇರೆ ಆಸ್ಪತ್ರೆಯಲ್ಲಿ ಡೇಟ್ ಸಿಕ್ಕಿದೆ, ಇನ್ನು ಮೂರು ವಾರಕ್ಕೆ. ಅಪ್ಪನಿಗೆ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ಒಳಗೆ ಏನಿದೆ ಅಂತ ತಿಳಿಯದೆ ಮೂರು ವಾರ ಮಲಗೋದು ಹೇಗೆ ಅಂತ ಆ ಮ್ಯಾನೇಜರನ್ನ ಕೇಳಿದೆ. ಮುಂದಿನ ಸಲ 10 ಪರ್ಸೆಂಟ್ ಕಡಿಮೆ ಮಾಡ್ತೀವಿ ಸರ್, ಅಂದ್ರು.