ಬಿಲ್ಲಿಂಗ್ ಕೌಂಟರ್‌ನಲ್ಲಿ ಒಟಿಪಿ ಕೇಳಿದರೆ ಕೊಡಬೇಡಿ

ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯ ನಮ್ಮ ಕನ್ನಡದವರು ದಯವಿಟ್ಟು ಪೂರ್ತಿ ಓದಿ. ತಿಂಗಳ ಸಾಮಾನಿಗೆ ಡಿಸ್ಕೌಂಟ್ ಅಂಗಡಿಗೆ ಹೋಗುವವರಂತೂ ಓದಲೇಬೇಕು.

ಅಕ್ಕಿ, ಬೇಳೆ, ಎಣ್ಣೆ ಎಲ್ಲ ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತದೆ ಅಂತ ನಾವೆಲ್ಲ ಅಲ್ಲಿಗೇ ಹೋಗುವುದು ಅಲ್ವಾ. ಟ್ರಾಲಿ ತುಂಬಿಸಿ ಲೈನಿನಲ್ಲಿ ನಿಂತಿದ್ದೆ. ಅಂಗಡಿಯದೇ ಟೀ ಶರ್ಟ್ ಹಾಕಿದ್ದ ಹುಡುಗ ಟ್ಯಾಬ್ ಹಿಡಿದುಕೊಂಡು ಬಂದ. ‘ಮ್ಯಾಡಮ್, ನಮ್ಮ ಮೆಂಬರ್ ಕಾರ್ಡ್ ಮಾಡಿಸಿ. ಪೂರ್ತಿ ಫ್ರೀ. ಈಗಲೇ ಬಿಲ್ಲಿನಲ್ಲಿ 500 ರೂಪಾಯಿ ಕಮ್ಮಿ ಆಗುತ್ತೆ’ ಅಂತ ಹಿಂದಿಯಲ್ಲಿ ಹೇಳಿದ. ಪ್ಯಾನ್ ನಂಬರ್ ಕೇಳಿದ. ಅದು ಯಾಕೆ ಅಂತ ಕೇಳಿದೆ. ‘ಪಾಯಿಂಟ್ಸ್ ನಿಮ್ಮ ಹೆಸರಿಗೆ ಸೇರಬೇಕಲ್ಲ’ ಅಂದ. ಕೇಳಿದ್ದಕ್ಕೆ ಬಂದ ಉತ್ತರ ಇದು, ನೆನಪಿಟ್ಟುಕೊಳ್ಳಿ.

ಟ್ಯಾಬ್ ನನ್ನ ಕಡೆ ತಿರುಗಿಸಲೇ ಇಲ್ಲ. ಹೆಬ್ಬೆರಳಲ್ಲಿ ಸರ್ರನೆ ಮೇಲೆ ತಳ್ಳಿದ, ಟಿಕ್, ಟಿಕ್, ಮತ್ತೆ ತಳ್ಳಿದ. ಹಿಂದೆ ಜನ ‘ಚಲಾ, ಚಲಾ’ ಅಂತಿದ್ದಾರೆ. ಒಂದು ಕಡೆ ಚೀಲ ತುಂಬಬೇಕು. ಅಷ್ಟರಲ್ಲಿ ‘ಒಟಿಪಿ ಬಂತಾ? ಹೇಳಿ ಮ್ಯಾಡಮ್’, ಆಮೇಲೆ ‘ಇನ್ನೊಂದು ಬರುತ್ತೆ, ಅದೂ ಹೇಳಿ’. 500 ಕಮ್ಮಿ ಆಯ್ತು ನಿಜ. ಉಳಿದದ್ದನ್ನು ಯುಪಿಐನಲ್ಲಿ ಕಟ್ಟಿ ಮನೆಗೆ ಬಂದೆ. ಕಾರ್ಡ್ ಅಂತ ಮನೆಗೆ ಏನೂ ಬರಲಿಲ್ಲ.

ಸುಮಾರು ತಿಂಗಳುಗಳ ನಂತರ ಯಜಮಾನರ ಜೊತೆ ಗೃಹಸಾಲಕ್ಕೆ ಬ್ಯಾಂಕಿಗೆ ಹೋದೆವು. ಅರ್ಜಿ ಇಬ್ಬರ ಹೆಸರಲ್ಲಿ. ಮ್ಯಾನೇಜರ್ ಕಂಪ್ಯೂಟರ್ ನೋಡಿ, ಮತ್ತೆ ನನ್ನ ಮುಖ ನೋಡಿದರು. ‘ಮ್ಯಾಡಮ್, ನಿಮ್ಮ ಕ್ರೆಡಿಟ್ ಕಾರ್ಡ್ ಓವರ್‌ಡ್ಯೂ ಇದೆಯಲ್ಲ?’ ನನ್ನ ಹತ್ತಿರ ಕ್ರೆಡಿಟ್ ಕಾರ್ಡೇ ಇಲ್ಲ ಅಂದೆ. ಅವರು ಸ್ಕ್ರೀನ್ ತಿರುಗಿಸಿ ತೋರಿಸಿದರು. ನನ್ನ ಹೆಸರು, ನನ್ನ ಪ್ಯಾನ್, ಬಾಕಿ, ಲೇಟ್ ಫೀ. ಯಜಮಾನರು ಒಂದು ಮಾತೂ ಆಡಲಿಲ್ಲ. ಅವರಿಗೆ ಹೇಳದೆ ಸಾಲ ಮಾಡಿದ್ದೇನೆ ಅಂತ ಮ್ಯಾನೇಜರ್ ಅಂದುಕೊಂಡರು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆ ಕುರ್ಚಿಯಲ್ಲಿ ಕೂತ ನನಗೆ ಆದ ಅವಮಾನ ಹೇಳಲಿಕ್ಕೆ ಆಗಲ್ಲ. ಯಾರ ಹತ್ತಿರವೂ ಹತ್ತು ರೂಪಾಯಿ ಬಾಕಿ ಇಟ್ಟವಳಲ್ಲ ನಾನು.

ವಿಚಾರಿಸಿದರೆ ಗೊತ್ತಾಯ್ತು, ಮೆಂಬರ್ ಕಾರ್ಡ್ ಅಂತ ಮಾಡಿಸಿದ್ದು ಕ್ರೆಡಿಟ್ ಕಾರ್ಡ್. ಬರೀ ಆ್ಯಪಿನಲ್ಲಿ ಇರುವಂಥದ್ದು. ಜಾಯಿನಿಂಗ್ ಫೀ 499, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. 500 ಕೊಟ್ಟು 588 ಕಿತ್ತುಕೊಂಡರು! ಅದರ ಮೇಲೆ ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ, ವರ್ಷಕ್ಕೆ 42. ಸ್ಟೇಟ್‌ಮೆಂಟ್ ಹೋಗುತ್ತಿದ್ದ ಇಮೇಲ್ ನನ್ನದೇ ಅಲ್ಲ. ನನ್ನ ಹೆಸರಿನ ಮುಂದೆ ಸುಮ್ನೆ ನಾಲ್ಕು ಅಂಕಿ ಸೇರಿಸಿ ಆ ಹುಡುಗನೇ ಹಾಕಿದ್ದು.

ಅಂಗಡಿಗೆ ಹೋದೆ. ಫ್ಲೋರ್ ಮ್ಯಾನೇಜರ್ ಹೇಳಿದ್ದು: ‘ಅದು ನಮ್ಮದಲ್ಲ ಮ್ಯಾಡಮ್, ಬ್ಯಾಂಕಿಂದು. ಹುಡುಗನೂ ನಮ್ಮವನಲ್ಲ, ಏಜೆನ್ಸಿಯವನು.’ ಹಾಗಾದರೆ ನಿಮ್ಮ ಟೀ ಶರ್ಟ್ ಯಾಕೆ ಹಾಕಿದ್ದ? ಉತ್ತರ ಇಲ್ಲ. ಆ ಕಾರ್ಡ್ ಕೊಟ್ಟ ಬ್ಯಾಂಕಿನ ಕಾಲ್ ಸೆಂಟರ್ ಹೇಳಿದ್ದು: ‘ಒಟಿಪಿ ನೀವೇ ಕೊಟ್ಟಿದ್ದೀರಿ, ಅಂದರೆ ಒಪ್ಪಿಗೆ ಇದೆ. ಅಂಗಡಿಯಲ್ಲಿ ಏನು ಹೇಳಿದರೋ ನಮಗೆ ಗೊತ್ತಿಲ್ಲ.’ ಅಂಗಡಿ ಬ್ಯಾಂಕನ್ನು ತೋರಿಸುತ್ತದೆ, ಬ್ಯಾಂಕ್ ಅಂಗಡಿಯನ್ನು ತೋರಿಸುತ್ತದೆ. ಬಡ್ಡಿ ಮಾತ್ರ ನನ್ನ ಹೆಸರಲ್ಲಿ ಓಡುತ್ತಲೇ ಇರುತ್ತದೆ.

ಅಂಗಡಿಗಳಿಗೆ ಬ್ಯಾಂಕ್ ಆಗುವ ಆಸೆ ಹೊಸದಲ್ಲ. ಅಮೆರಿಕದ ವಾಲ್‌ಮಾರ್ಟ್ 2005ರಲ್ಲೇ ಬ್ಯಾಂಕ್ ಲೈಸೆನ್ಸ್‌ಗೆ ಅರ್ಜಿ ಹಾಕಿತ್ತು. ಅಲ್ಲಿನ ಸಣ್ಣ ಬ್ಯಾಂಕುಗಳು, ಕಾರ್ಮಿಕ ಸಂಘಗಳು ಗಲಾಟೆ ಮಾಡಿದ ಮೇಲೆ 2007ರಲ್ಲಿ ವಾಪಸ್ ತೆಗೆದುಕೊಂಡಿತು. ಆಮೇಲೂ ಬಿಡಲಿಲ್ಲ, ಬೇರೆ ಬ್ಯಾಂಕು, ಕಂಪನಿಗಳ ಜೊತೆ ಸೇರಿಕೊಂಡು ಕಾರ್ಡು, ಹಣ ಕಳಿಸುವ ಸೇವೆ ಎಲ್ಲ ಅಂಗಡಿಯಲ್ಲೇ ಕೊಟ್ಟಿತು. ನಮ್ಮಲ್ಲೂ ದೊಡ್ಡ ಉದ್ಯಮ ಮನೆತನಗಳಿಗೆ ಬ್ಯಾಂಕ್ ತೆರೆಯಲು ಆರ್‌ಬಿಐ ಬಿಡುವುದಿಲ್ಲ. 2016ರ ನಿಯಮದಲ್ಲಿ ಬ್ಯಾಂಕಿನಲ್ಲಿ 10 ಪರ್ಸೆಂಟ್ ತನಕ ಪಾಲು ಇಟ್ಟುಕೊಳ್ಳಬಹುದು, ಅಷ್ಟೇ. ಅದಕ್ಕೇ ಮುಂದೆ ಅಂಗಡಿಯ ಹೆಸರು, ಹಿಂದೆ ಬ್ಯಾಂಕು. ನಾವು ನಂಬುವುದು ಅಂಗಡಿಯನ್ನು, ಸಾಲ ಬೀಳುವುದು ಯಾರೋ ಕಾಣದವರ ಹತ್ತಿರ.

ಆರ್‌ಬಿಐನ ಕ್ರೆಡಿಟ್ ಕಾರ್ಡ್ ನಿಯಮ ಓದಿಕೊಳ್ಳಿ. ಒಪ್ಪಿಗೆ ಇಲ್ಲದೆ ಕಾರ್ಡ್ ಕೊಟ್ಟು ಬಿಲ್ ಹಾಕಿದರೆ ಆ ಹಣ ವಾಪಸ್ ಮಾಡಬೇಕು, ಮೇಲೆ ಅದರ ಎರಡರಷ್ಟು ದಂಡ ಕೊಡಬೇಕು. ಬಾಕಿ ಇಲ್ಲದ ಕಾರ್ಡನ್ನು ಕ್ಲೋಸ್ ಮಾಡಿ ಅಂದರೆ 7 ಕೆಲಸದ ದಿನಗಳಲ್ಲಿ ಮಾಡಬೇಕು, ತಡವಾದರೆ ದಿನಕ್ಕೆ 500 ರೂಪಾಯಿ. ನಾನು ಇದನ್ನೇ ಬರೆದು ಇಮೇಲ್ ಮಾಡಿದ ಮೇಲೆ ಕಾಲ್ ಸೆಂಟರಿನವರ ದನಿಯೇ ಬದಲಾಯ್ತು. ಮೊದಲೇ ಯಾಕೆ ಹೀಗೆ ಮಾತಾಡಲಿಲ್ಲ?

ಫೋನಿನಲ್ಲಿ ಜಗಳ ಮಾಡಿ ಸುಸ್ತಾಗಬೇಡಿ, ಬರೆದೇ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬಡ್ಸ್‌ಮನ್‌ಗೆ ಹಾಕಿ, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಮ್ಮ ಹೆಸರಲ್ಲಿರುವ ಸಾಲ, ಬಾಕಿ ಎಲ್ಲ ತೋರಿಸುವ ಕ್ರೆಡಿಟ್ ರಿಪೋರ್ಟ್ ವರ್ಷಕ್ಕೊಮ್ಮೆ ಫ್ರೀಯಾಗಿ ಸಿಗುತ್ತದೆ, ಇವತ್ತೇ ತೆಗೆದು ನೋಡಿ. ಟ್ಯಾಬ್ ಹಿಡಿದು ಬಂದವರಿಗೆ ಪ್ಯಾನ್ ಕೊಡಬೇಡಿ, ಒಟಿಪಿ ಹೇಳಲೇಬೇಡಿ.

ಫೀ ವಾಪಸ್ ಬಂದಿದೆ. ರಿಪೋರ್ಟಿನಿಂದ ಆ ಓವರ್‌ಡ್ಯೂ ಇನ್ನೂ ಹೋಗಿಲ್ಲ, ಗೃಹಸಾಲ ಹಾಗೇ ನಿಂತಿದೆ. ಇದೇ ರೀತಿ ಆದವರು ಯಾರಾದರೂ ಇದ್ದರೆ ಬಿಲ್, ಎಸ್‌ಎಂಎಸ್ ಅಳಿಸದೆ ಇಟ್ಟುಕೊಂಡು ನನಗೆ ತಿಳಿಸಿ. ಎಲ್ಲರೂ ಸೇರಿ ದೂರು ಕೊಡೋಣ.